ತಗ್ಗಿನ ತಳದಲ್ಲಿ ಅಕ್ಷರ: ವಿ-ಬಿಟ್ ಎಲ್ಲಿಂದ ಅಳೆಯಬೇಕು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಮರಗೆಲಸದ ಮನೆತನ. ತಂದೆಯವರು ಉಳಿ, ಕೊಡತಿ ಹಿಡಿದು ದಾರಂದದ ಮೇಲೆ ಅಕ್ಷರ ಕೆತ್ತುತ್ತಿದ್ದರು. ನಾನು 2 ಅಡಿಗೆ 4 ಅಡಿಯ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೆತ್ತನೆಯ ಯಂತ್ರ) ಕೊಂಡು ಮನೆ ಹೆಸರಿನ ಫಲಕಗಳನ್ನು ಮಾಡಲು ತೊಡಗಿದ್ದೇನೆ. ಇತ್ತೀಚೆಗೆ 30 ಮಿ.ಮೀ. ದಪ್ಪದ ಹಲಸಿನ ಹಲಗೆಯಲ್ಲಿ ಸುತ್ತ ಅಂಚು ಬಿಟ್ಟು, ನಡುವೆ 8 ಮಿ.ಮೀ. ಆಳದ ತಗ್ಗು ತೆಗೆದು, ಆ ತಗ್ಗಿನ ತಳದಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ ಅಕ್ಷರಗಳನ್ನು 90 ಡಿಗ್ರಿ ವಿ-ಬಿಟ್‌ನಿಂದ (ಇಂಗ್ಲಿಷಿನ V ಆಕಾರದ ಮೊನೆಯ ಕಟರ್) ಕೆತ್ತಲು ಹೊರಟೆ. ಮೊದಲ ಸಲ ಯಂತ್ರ ಇಡೀ ಕೆಲಸವನ್ನು ಮುಗಿಸಿತು, ಆದರೆ ಹಲಗೆಯ ಮೇಲೆ ಒಂದು ಗೀರೂ ಮೂಡಲಿಲ್ಲ. ಬಳಿಕ ಸ್ಟಾರ್ಟ್ ಡೆಪ್ತ್ 8 ಎಂದು ಕೊಟ್ಟು, ತಗ್ಗಿನ ತಳಕ್ಕೇ ಬಿಟ್ ಮುಟ್ಟಿಸಿ ಸೊನ್ನೆ ಮಾಡಿ (ಆಳದ ಅಳತೆ ಅಲ್ಲಿಂದ ಆರಂಭವೆಂದು ಯಂತ್ರಕ್ಕೆ ತಿಳಿಸಿ) ಮತ್ತೆ ಓಡಿಸಿದೆ. ಈ ಬಾರಿ ಅಕ್ಷರಗಳು ಒಂದರೊಳಗೊಂದು ಸೇರಿ ಹೊಂಡವಾದವು, ಕೊನೆಯ ಅಕ್ಷರದ ಬದಿಯ ಗೋಡೆಯಲ್ಲಿ ಅರ್ಧಚಂದ್ರದಂತೆ ಕಚ್ಚಿತು, ಹಿಂದಿರುಗುವಾಗ ಅಂಚಿನ ಮೇಲೆ ಉದ್ದಕ್ಕೂ ಗೀರು ಬಿತ್ತು. ಬಿಟ್‌ನ ವ್ಯಾಸ 22 ಮಿ.ಮೀ. ತಪ್ಪು ಎಲ್ಲಿದೆ? ಈ ಹಲಗೆಯನ್ನು ಉಳಿಸಿಕೊಳ್ಳಲು ದಾರಿ ಇದೆಯೇ?

ಉತ್ತರ: ನಿಮ್ಮ ಯಂತ್ರದಲ್ಲಾಗಲಿ ಬಿಟ್‌ನಲ್ಲಾಗಲಿ ದೋಷವಿಲ್ಲ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೆ ಕಾರಣ ಒಂದೇ: ಅಕ್ಷರದ ಆಳವನ್ನು ಯಾವ ಮಟ್ಟದಿಂದ ಅಳೆಯಬೇಕು ಎಂಬುದು ಮೊದಲ ಸಲ ಯಂತ್ರಕ್ಕೆ ತಿಳಿದಿರಲಿಲ್ಲ, ಎರಡನೆಯ ಸಲ ಅದನ್ನೇ ಎರಡು ಬಾರಿ ತಿಳಿಸಿದಂತಾಯಿತು. ನಾಲ್ಕನೆಯದಾದ ಅರ್ಧಚಂದ್ರ ಮಾತ್ರ ಬೇರೆ ಲೆಕ್ಕ. ಉಳಿದೆಲ್ಲವೂ ಸರಿಯಿದ್ದಿದ್ದರೂ ಅದು ಆಗಿಯೇ ತೀರುತ್ತಿತ್ತು.

ಕೈಯಲ್ಲಿ ಉಳಿ ಹಿಡಿದವನಿಗೆ ಈ ಗೊಂದಲ ಬರುವುದಿಲ್ಲ, ಏಕೆಂದರೆ ಅವನು ಕಣ್ಣಿಗೆ ಕಾಣುವ ತಳದ ಮೇಲೆಯೇ ಉಳಿ ಇಡುತ್ತಾನೆ. ಯಂತ್ರಕ್ಕೆ ಕಾಣುವುದು ಸಂಖ್ಯೆ ಮಾತ್ರ. ವಿ-ಬಿಟ್‌ನ ಕೆತ್ತನೆಯಲ್ಲಿ ಆಳವನ್ನು ನಾವು ಕೊಡುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸಾಫ್ಟ್‌ವೇರ್ ಅಕ್ಷರದ ಗೆರೆಯ ಅಗಲವನ್ನು ಅಳೆದು, ಆ ಅಗಲದ ಎರಡೂ ಅಂಚುಗಳನ್ನು ಬಿಟ್‌ನ ಇಳಿಜಾರು ಏಕಕಾಲಕ್ಕೆ ಮುಟ್ಟುವಷ್ಟು ಆಳಕ್ಕೆ ಮೊನೆಯನ್ನು ಇಳಿಸುತ್ತದೆ. 90 ಡಿಗ್ರಿಯ ಬಿಟ್‌ನಲ್ಲಿ ಆಳವು ಅಗಲದ ಅರ್ಧ, 60 ಡಿಗ್ರಿಯದರಲ್ಲಿ ಅಗಲದ 0.87 ಪಾಲು, 30 ಡಿಗ್ರಿಯದರಲ್ಲಿ ಅಗಲದ 1.87 ಪಾಲು. ನಿಮ್ಮ ಅಕ್ಷರಗಳ ಅತಿ ದಪ್ಪ ಗೆರೆ 9 ಮಿ.ಮೀ. ಎಂದಿಟ್ಟುಕೊಂಡರೆ 90 ಡಿಗ್ರಿಯ ಬಿಟ್ ಇಳಿಯುವುದು 4.5 ಮಿ.ಮೀ. ಮಾತ್ರ. ಮೊದಲ ಸಲ ಈ 4.5 ಮಿ.ಮೀ. ಹಲಗೆಯ ಮೇಲ್ಮೈಯಿಂದ ಲೆಕ್ಕವಾಯಿತು. ತಗ್ಗಿನ ತಳವಿದ್ದದ್ದು 8 ಮಿ.ಮೀ. ಕೆಳಗೆ. ಹೀಗಾಗಿ ಮೊನೆಯು ತಳಕ್ಕಿಂತ 3.5 ಮಿ.ಮೀ. ಮೇಲೆ ಗಾಳಿಯಲ್ಲಿ ನಿಮ್ಮ ಅಕ್ಷರಗಳನ್ನು ಬಹಳ ಅಂದವಾಗಿಯೇ ಬರೆದು ಮುಗಿಸಿತು.

ಅಕ್ಷರ ಇನ್ನೂ ದೊಡ್ಡದಾಗಿದ್ದರೆ ಈ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ಗೆರೆ 18 ಮಿ.ಮೀ. ಅಗಲವಿದ್ದರೆ ಮೊನೆ 9 ಮಿ.ಮೀ. ಇಳಿಯುತ್ತದೆ, ಅಂದರೆ ತಳದಿಂದ 1 ಮಿ.ಮೀ. ಕೆಳಗೆ. ಆಗ ದಪ್ಪ ಗೆರೆಗಳ ನಡುವಿನ 2 ಮಿ.ಮೀ. ಭಾಗ ಮಾತ್ರ ಕೂದಲೆಳೆಯಂತೆ ಮೂಡಿ, ತೆಳು ಗೆರೆಗಳು ಕಾಣೆಯಾಗುತ್ತವೆ. ಇದನ್ನು ಕಂಡು ಬಿಟ್ ಮೊಂಡಾಗಿದೆಯೆಂದು ಹೊಸ ಬಿಟ್ ಕೊಂಡವರನ್ನು ನಾನು ಬಲ್ಲೆ.

ಎರಡನೆಯ ಸಲದ ಲೆಕ್ಕವೂ ಇಷ್ಟೇ ಸರಳ. ಸ್ಟಾರ್ಟ್ ಡೆಪ್ತ್ 8 ಎಂದರೆ ‘ಸೊನ್ನೆಯಿಂದ 8 ಮಿ.ಮೀ. ಕೆಳಗೆ ಮರ ಆರಂಭವಾಗುತ್ತದೆ’ ಎಂದರ್ಥ. ನೀವು ಸೊನ್ನೆಯನ್ನೇ ತಳಕ್ಕೆ ಇಳಿಸಿದ್ದರಿಂದ ಯಂತ್ರವು ಇಲ್ಲದ ಇನ್ನೊಂದು ತಳವನ್ನು ಇನ್ನೂ 8 ಮಿ.ಮೀ. ಕೆಳಗೆ ಹುಡುಕಿಕೊಂಡು ಹೋಯಿತು. 90 ಡಿಗ್ರಿಯ ಬಿಟ್ ಒಂದು ಮಿ.ಮೀ. ಹೆಚ್ಚು ಇಳಿದರೆ ಗೆರೆ ಎರಡು ಮಿ.ಮೀ. ಅಗಲವಾಗುತ್ತದೆ, ಆದ್ದರಿಂದ 4 ಮಿ.ಮೀ.ಯ ತೆಳು ಗೆರೆಯೂ 20 ಮಿ.ಮೀ. ಆಯಿತು. ಅಂಚಿನ ಮೇಲಿನ ಗೀರಿಗೆ ಕಾರಣ ಸೇಫ್ ಝಡ್, ಅಂದರೆ ಕೆತ್ತದೆ ಸಂಚರಿಸುವಾಗ ಬಿಟ್ ಸೊನ್ನೆಯಿಂದ ಎಷ್ಟು ಮೇಲಿರಬೇಕು ಎಂಬ ಅಂಕಿ. ಬಹುಪಾಲು ಎಲ್ಲರೂ ಅದನ್ನು 5 ಮಿ.ಮೀ. ಇಟ್ಟಿರುತ್ತಾರೆ, ನೀವೂ ಇಟ್ಟಿರಬೇಕು. ಸೊನ್ನೆ ಮೇಲ್ಮೈಯಲ್ಲಿದ್ದಾಗ 5 ಮಿ.ಮೀ. ಎತ್ತರ ಧಾರಾಳವಾಯಿತು. ಸೊನ್ನೆ ತಳಕ್ಕಿಳಿದಾಗ ಅದೇ ಎತ್ತರವು ಅಂಚಿಗಿಂತ 3 ಮಿ.ಮೀ. ತಗ್ಗಿನಲ್ಲಿದೆ, ಯಂತ್ರ ತನ್ನ ಆರಂಭದ ಸ್ಥಾನಕ್ಕೆ ಮರಳುವ ದಾರಿಯಲ್ಲಿ ಆ 3 ಮಿ.ಮೀ. ಮರ ಎದುರಾಯಿತು. ಗೀರನ್ನು ಅಳೆದು ನೋಡಿ, ಸುಮಾರು 6 ಮಿ.ಮೀ. ಅಗಲವಿದ್ದರೆ ನನ್ನ ಊಹೆ ಸರಿ.

ಹಾಗಾದರೆ ಸೊನ್ನೆ ಎಲ್ಲಿ ಮಾಡಬೇಕು? ಎರಡು ದಾರಿಗಳಿವೆ, ಎರಡನ್ನೂ ಬೆರೆಸಬಾರದು. ಮೊದಲನೆಯದು, ಸೊನ್ನೆಯನ್ನು ಹಲಗೆಯ ಮೇಲ್ಮೈಯಲ್ಲೇ ಇಟ್ಟು, ತಗ್ಗು ತೆಗೆಯುವ ಟೂಲ್‌ಪಾತ್‌ಗೆ (ಕಟರ್ ಸಾಗಬೇಕಾದ ದಾರಿ) ಸ್ಟಾರ್ಟ್ ಡೆಪ್ತ್ 0, ಅಕ್ಷರದ ಟೂಲ್‌ಪಾತ್‌ಗೆ ಸ್ಟಾರ್ಟ್ ಡೆಪ್ತ್ 8 ಎಂದು ಕೊಡುವುದು. ಎರಡನೆಯದು, ತಗ್ಗು ತೆಗೆದಾದ ಮೇಲೆ ತಳದಲ್ಲಿ ಹೊಸದಾಗಿ ಸೊನ್ನೆ ಮಾಡಿ, ಅಕ್ಷರಕ್ಕೆ ಸ್ಟಾರ್ಟ್ ಡೆಪ್ತ್ 0 ಕೊಟ್ಟು, ಸೇಫ್ ಝಡ್ ಅನ್ನು ತಗ್ಗಿನ ಆಳಕ್ಕಿಂತ, ಕ್ಲ್ಯಾಂಪ್‌ಗಳ ಎತ್ತರಕ್ಕಿಂತ ಹೆಚ್ಚು ಇಡುವುದು. ನಿಮ್ಮ ಕೆಲಸಕ್ಕಾದರೆ ಕನಿಷ್ಠ 15 ಮಿ.ಮೀ. ಎರಡನೆಯ ದಾರಿಯಲ್ಲಿ ನಿಜವಾದ ತಳವನ್ನೇ ಮುಟ್ಟುವ ಲಾಭವಿದೆ. ಆದರೆ ತಳವನ್ನು ಇನ್ನೊಮ್ಮೆ ಸವರಬೇಕೆಂದು ತಗ್ಗಿನ ಫೈಲನ್ನು ಅದೇ ಸೊನ್ನೆಯಲ್ಲಿ ಓಡಿಸಿದರೆ 6 ಮಿ.ಮೀ. ಕಟರ್ ಇನ್ನೂ 8 ಮಿ.ಮೀ. ಕೆಳಗಿಳಿದು ಹಲಗೆಯನ್ನು ಹಾಳು ಮಾಡುತ್ತದೆ. ಸಂಜೆಯ ಹೊತ್ತು, ಕರೆಂಟ್ ಹೋಗಿ ಬಂದ ಮೇಲೆ, ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸುವಾಗ ಇಂಥದ್ದು ಆಗುತ್ತದೆ.

ನಾನು ಮೊದಲನೆಯ ದಾರಿಯಲ್ಲೇ ನಡೆದು, ಎರಡನೆಯದನ್ನು ಪರೀಕ್ಷೆಗಾಗಿ ಮಾತ್ರ ಬಳಸುತ್ತೇನೆ. ತಗ್ಗು ತೆಗೆದ ಎಂಡ್ ಮಿಲ್ (ಚಪ್ಪಟೆ ತುದಿಯ ಕಟರ್) ಕಳಚಿ ವಿ-ಬಿಟ್ ಹಾಕಿದ ಮೇಲೆ, ಮೊದಲು ಸೊನ್ನೆ ಮಾಡಿದ ಜಾಗದಲ್ಲೇ, ಅಂದರೆ ಅಂಚಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಟ್ಟ ಅದೇ ಬಿಂದುವಿನಲ್ಲಿ, ಮತ್ತೆ ಸೊನ್ನೆ ಮಾಡುತ್ತೇನೆ. ಬಳಿಕ ಮೊನೆಯನ್ನು ತಗ್ಗಿನ ನಡುವಿಗೆ ಒಯ್ದು, ತಳದ ಹೊಟ್ಟನ್ನು ಊದಿ ತೆಗೆದು, ಸಾಮಾನ್ಯ ಬರೆಯುವ ಕಾಗದದ ಚೂರೊಂದನ್ನು ಇಟ್ಟು, ಝಡ್ ಅಂಕಿ ಮೈನಸ್ 7ಕ್ಕೆ ಬರುವವರೆಗೆ ನಿಧಾನವಾಗಿ, ಅಲ್ಲಿಂದ ಮುಂದೆ 0.1 ಮಿ.ಮೀ.ಯಂತೆ ಇಳಿಸುತ್ತೇನೆ. ಕಾಗದದ ದಪ್ಪವೂ ಸುಮಾರು 0.1 ಮಿ.ಮೀ. ಆದ್ದರಿಂದ ಮೈನಸ್ 7.9ರ ಹೊತ್ತಿಗೆ ಕಾಗದ ಬಿಗಿಯಾಗಿ ಎಳೆದಂತಾಗಬೇಕು. ಮೈನಸ್ 7.6ರಲ್ಲೇ ಬಿಗಿಯಾದರೆ ನಿಜವಾದ ತಳ 7.7ರಲ್ಲಿದೆ. ಆಗ ಸ್ಟಾರ್ಟ್ ಡೆಪ್ತ್ ಅನ್ನು 7.7 ಎಂದು ತಿದ್ದಿ ಫೈಲನ್ನು ಹೊಸದಾಗಿ ತೆಗೆದುಕೊಳ್ಳುತ್ತೇನೆ. ಎರಡು ಬಿಟ್‌ಗಳನ್ನು ಬೇರೆಬೇರೆಯಾಗಿ ಮುಟ್ಟಿಸಿದಾಗ ಬರುವ ಸಣ್ಣ ವ್ಯತ್ಯಾಸವೆಲ್ಲ ಇದರಲ್ಲಿ ಅಡಗಿ ಹೋಗುತ್ತದೆ.

ಓಡಿಸುವ ಮೊದಲು ಫೈಲನ್ನೇ ಒಮ್ಮೆ ತೆರೆದು ನೋಡುವ ಅಭ್ಯಾಸವೂ ಒಳ್ಳೆಯದು. ಯಂತ್ರ ಓದುವ ಆ ಜಿ-ಕೋಡ್ ಎಂದರೆ ಬರಿಯ ಅಕ್ಷರ, ಅಂಕಿಗಳ ಪಠ್ಯ, ಯಾವ ನೋಟ್‌ಪ್ಯಾಡ್‌ನಲ್ಲಾದರೂ ತೆರೆಯುತ್ತದೆ. ಅದರಲ್ಲಿ ಝಡ್‌ನ ಅತಿ ಆಳದ ಅಂಕಿಯನ್ನು ಹುಡುಕಿ. ಮೊದಲನೆಯ ದಾರಿಯಾದರೆ ಅದು 8 ಮತ್ತು 4.5 ಸೇರಿ ಮೈನಸ್ 12.5ರ ಆಸುಪಾಸಿನಲ್ಲಿರಬೇಕು, ಎರಡನೆಯದಾದರೆ ಮೈನಸ್ 4.5. ಮೇಲ್ಮೈಯಲ್ಲಿ ಸೊನ್ನೆ ಇಟ್ಟು ಮೈನಸ್ 4.5 ಕಂಡರೆ ಗಾಳಿಯಲ್ಲಿ ಬರೆಯುವ ಫೈಲು, ತಳದಲ್ಲಿ ಸೊನ್ನೆ ಇಟ್ಟು ಮೈನಸ್ 12.5 ಕಂಡರೆ ಹೊಂಡ ತೋಡುವ ಫೈಲು. ಅರ್ಧ ನಿಮಿಷದ ಕೆಲಸ. ನಿಮ್ಮ ಹಲಗೆ ಇದರಿಂದಲೇ ಉಳಿಯುತ್ತಿತ್ತು.

ಈಗ ಅರ್ಧಚಂದ್ರಕ್ಕೆ ಬರೋಣ. ಸಮತಲದ ಮೇಲೆ ಕೆತ್ತುವಾಗ ವಿ-ಬಿಟ್‌ನ ಮೇಲುಭಾಗ ಎಷ್ಟು ಅಗಲವಿದ್ದರೂ ಚಿಂತೆಯಿಲ್ಲ, ಅದು ಗಾಳಿಯಲ್ಲಿರುತ್ತದೆ. ತಗ್ಗಿನೊಳಗೆ ಕೆತ್ತುವಾಗ ಆ ಅಗಲವಾದ ಭಾಗ ಗೋಡೆಯ ಎತ್ತರದಲ್ಲೇ ಸಂಚರಿಸುತ್ತದೆ. ಸಾಫ್ಟ್‌ವೇರ್ ಅಕ್ಷರದ ಗೆರೆಯನ್ನು ನೋಡುತ್ತದೆಯೇ ಹೊರತು ಪಕ್ಕದ ಗೋಡೆಯನ್ನಲ್ಲ. 90 ಡಿಗ್ರಿಯ ಬಿಟ್‌ನಲ್ಲಿ ತಗ್ಗು ಎಷ್ಟು ಆಳವೋ ಅಕ್ಷರದ ಅಂಚು ಗೋಡೆಯಿಂದ ಕನಿಷ್ಠ ಅಷ್ಟು ದೂರವಿರಬೇಕು ಎಂಬುದು ನೆನಪಿಡಲು ಸುಲಭವಾದ ಲೆಕ್ಕ: 8 ಮಿ.ಮೀ. ತಗ್ಗಿಗೆ 8 ಮಿ.ಮೀ. ದೂರ. 60 ಡಿಗ್ರಿಯ ಬಿಟ್‌ನಲ್ಲಿ ಇದು 4.6 ಮಿ.ಮೀ.ಗೆ ಇಳಿಯುತ್ತದೆ. ನಿಮ್ಮ ಬಿಟ್‌ನ ವ್ಯಾಸ 22 ಎಂದರೆ ಅದು ಮೊನೆಯಿಂದ ಯಾವ ಕಡೆಗೂ 11 ಮಿ.ಮೀ. ಮೀರಿ ಚಾಚುವುದಿಲ್ಲ. 9 ಮಿ.ಮೀ. ಗೆರೆಯ ನಡುವಿನಿಂದ ಲೆಕ್ಕ ಹಾಕಿದರೆ ಅಕ್ಷರದ ಅಂಚಿನಾಚೆ 6.5 ಮಿ.ಮೀ. ಕೊನೆಯ ಅಕ್ಷರವನ್ನು ನೀವು ಗೋಡೆಗೆ 5 ಮಿ.ಮೀ. ಹತ್ತಿರ ಇಟ್ಟಿದ್ದರೆ, ಆಳ ಸರಿಯಿದ್ದಾಗಲೂ ಗೋಡೆಯ ಮೇಲಂಚನ್ನು ಒಂದೂವರೆ ಮಿ.ಮೀ. ಕಚ್ಚುತ್ತಿತ್ತು. ನಾನು ಲೆಕ್ಕದ ಮೇಲೆ ಇನ್ನೆರಡು ಮಿ.ಮೀ. ಸೇರಿಸಿ 10 ಮಿ.ಮೀ. ಬಿಡುತ್ತೇನೆ. ಬಿಟ್ಟ ಜಾಗ ಕಣ್ಣಿಗೂ ಹಿತ. ಗೋಡೆಗೆ ಒತ್ತಿ ನಿಂತ ಅಕ್ಷರ ಇಕ್ಕಟ್ಟಾದ ಬಸ್ಸಿನಲ್ಲಿ ಬಾಗಿಲ ಬಳಿ ನಿಂತವರಂತೆ ಕಾಣುತ್ತದೆ. ಅದಲ್ಲದೆ ಜಗಲಿಯ ದೀಪ ಮೇಲಿನಿಂದ ಓರೆಯಾಗಿ ಬಿದ್ದಾಗ 8 ಮಿ.ಮೀ.ಯ ಅಂಚು ಹೆಚ್ಚುಕಡಿಮೆ ಅಷ್ಟೇ ಅಗಲದ ನೆರಳನ್ನು ಕೆಳಗೆ ಚೆಲ್ಲುತ್ತದೆ. ಮೇಲಿನ ಸಾಲಿನ ತಲೆಕಟ್ಟುಗಳು ಆ ನೆರಳಿನೊಳಗೆ ಸಿಕ್ಕಿಬಿದ್ದರೆ ಹೆಸರು ಓದಲು ಕಷ್ಟ.

ತಗ್ಗು ಇನ್ನೂ ಆಳವಾದರೆ ಬಿಟ್ ಮಾತ್ರವಲ್ಲ, ಅದನ್ನು ಹಿಡಿಯುವ ನಟ್ಟೂ ಅಂಚಿಗೆ ತಾಗಬಹುದು. ಇಆರ್ 20 ಅಳತೆಯ ಕಾಲೆಟ್‌ನ (ಬಿಟ್‌ನ ಕಾಂಡವನ್ನು ಬಿಗಿಹಿಡಿಯುವ ಕೊಳವೆ) ನಟ್ಟು ಸುಮಾರು 34 ಮಿ.ಮೀ. ಅಗಲವಿರುತ್ತದೆ. ಬಿಟ್ ಅನ್ನು ಕಾಲೆಟ್‌ನೊಳಗೆ ಪೂರ್ತಿ ತುರುಕದೆ, ತಗ್ಗಿನ ಆಳ ಮತ್ತು ಅಕ್ಷರದ ಆಳ ಸೇರಿಸಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಹೊರಗೆ ಬಿಡಿ.

ಇಷ್ಟು ಹೇಳಿದಾಗ ತಗ್ಗಿನೊಳಗೆ ಕೆತ್ತುವುದೇ ತಲೆನೋವು ಎನ್ನಿಸಬಹುದು. ನನ್ನ ಅನುಭವ ಇದಕ್ಕೆ ವಿರುದ್ಧ. ನಮ್ಮ ಕಡೆ ಸಿಗುವ ಹಲಸು, ಹೆಬ್ಬಲಸು, ಮಹಾಗನಿಗಳಲ್ಲಿ ಒಂದು ಅಡಿ ಅಗಲದ ಹಲಗೆ ಸಮವಾಗಿರುವುದು ಅಪರೂಪ, ಅದರಲ್ಲೂ ಮಳೆಗಾಲದಲ್ಲಿ. ಗಾಳಿಯ ತೇವ ಶೇ. 65 ಇದ್ದಾಗ ಮರದಲ್ಲಿ ನಿಲ್ಲುವ ನೀರಿನಂಶ ಶೇ. 12ರ ಆಸುಪಾಸು, ತೇವ ಶೇ. 85ಕ್ಕೇರಿ ಅಲ್ಲೇ ನಿಂತರೆ ಅದು ಕ್ರಮೇಣ ಶೇ. 18ರ ಹತ್ತಿರ ಹೋಗುತ್ತದೆ. ಆಷಾಢದ ಹಲಗೆ ಮತ್ತು ಮಾಘದ ಹಲಗೆ ಒಂದೇ ಮರದ್ದಾದರೂ ಒಂದೇ ಆಕಾರದಲ್ಲಿರುವುದಿಲ್ಲ. ಸೊನ್ನೆ ಮಾಡಿದ ಜಾಗಕ್ಕಿಂತ 1 ಮಿ.ಮೀ. ಉಬ್ಬಿದ ಕಡೆ 90 ಡಿಗ್ರಿಯ ಬಿಟ್ ಗೆರೆಯನ್ನು 2 ಮಿ.ಮೀ. ದಪ್ಪ ಮಾಡುತ್ತದೆ, 1 ಮಿ.ಮೀ. ತಗ್ಗಿದ ಕಡೆ 2 ಮಿ.ಮೀ. ತೆಳ್ಳಗೆ. ಮೇಲ್ಮೈಯಲ್ಲಿ ಕೆತ್ತುವವರು ಇದಕ್ಕಾಗಿ ಇಡೀ ಹಲಗೆಯನ್ನು ಸಮತಟ್ಟು ಮಾಡಿಕೊಳ್ಳಬೇಕು. ತಗ್ಗು ತೆಗೆಯುವಾಗ ಮಾತ್ರ ಯಂತ್ರ ತನ್ನ ಚಲನೆಗೆ ಸರಿಹೊಂದುವ ಸಮತಳವನ್ನು ತಾನೇ ಮಾಡಿಕೊಳ್ಳುತ್ತದೆ. ಮೇಲಿನ ಅಂಚು ಹೇಗೆ ಬಾಗಿದ್ದರೂ ಆ ತಳದ ಮೇಲೆ ಅಕ್ಷರಗಳು ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪದಲ್ಲಿ ಬರುತ್ತವೆ.

ಈ ಅನುಕೂಲ ನಿಮಗೆ ದಕ್ಕಬೇಕಾದರೆ ತಗ್ಗನ್ನೂ ಅಕ್ಷರವನ್ನೂ ಹಲಗೆ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಬೇಕು. ಒಂದು ಮೈಯಿಂದ 8 ಮಿ.ಮೀ. ಮರ ತೆಗೆದಾಗ ಹಲಗೆಯೊಳಗಿನ ಬಿಗು ಸಡಿಲವಾಗಿ ಅದು ಬಾಗತೊಡಗುತ್ತದೆ. ಇಂದು ತಗ್ಗು ತೆಗೆದು ಬಿಚ್ಚಿಟ್ಟು ನಾಳೆ ಅಕ್ಷರಕ್ಕೆ ಕೂಡಿಸಿದರೆ ನೀವು ಮಾಡಿದ ಸಮತಳ ಅಲ್ಲಿರುವುದಿಲ್ಲ. ಮರದ ಮೇಲೆ ಸಂಶಯವಿದ್ದರೆ ನಾನು ಮೊದಲು 7.5 ಮಿ.ಮೀ.ವರೆಗೆ ಮಾತ್ರ ತೆಗೆದು, ಕ್ಲ್ಯಾಂಪ್‌ಗಳನ್ನು ಸಡಿಲಿಸಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಬಿಗಿದು, ಸೊನ್ನೆಯನ್ನು ಹೊಸದಾಗಿ ಮಾಡಿ, ಉಳಿದ ಅರ್ಧ ಮಿ.ಮೀ. ಸವರಿ, ಬೆನ್ನಿಗೇ ಅಕ್ಷರ ಕೆತ್ತುತ್ತೇನೆ. ತಗ್ಗಿಗೆ ಎರಡು ಅಲಗಿನ 6 ಮಿ.ಮೀ. ಎಂಡ್ ಮಿಲ್, ನಿಮಿಷಕ್ಕೆ 16,000 ಸುತ್ತು, 2,000 ಮಿ.ಮೀ. ವೇಗ, ಒಂದು ಸಲಕ್ಕೆ 2.5 ಮಿ.ಮೀ. ಆಳ ಹಲಸಿಗೆ ಹೊಂದುತ್ತದೆ, ಯಂತ್ರ ಹಗುರವಾಗಿದ್ದರೆ ವೇಗವನ್ನೂ ಆಳವನ್ನೂ ತಗ್ಗಿಸಿ. ಹಲಸಿನ ನಾರು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೆಣೆದುಕೊಂಡಿರುವುದರಿಂದ ಅಕ್ಷರದ ವೇಳೆ ಆತುರ ಬೇಡ. ವಿ-ಬಿಟ್‌ಗೆ 1,200 ಮಿ.ಮೀ. ಸಾಕು.

ಬಿಟ್ ಮೇಲೆ ಬರೆದ ಕೋನವನ್ನು ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಚೂರು ಮರದ ಮೇಲೆ 5 ಮಿ.ಮೀ. ಆಳದ ನೇರ ಗೆರೆ ಎಳೆದು ಅಗಲವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. 90 ಡಿಗ್ರಿಯಾದರೆ 10 ಮಿ.ಮೀ., 60 ಡಿಗ್ರಿಯಾದರೆ 5.8 ಮಿ.ಮೀ. ಬರಬೇಕು.

ಕೋನದ ಆಯ್ಕೆ ಅಕ್ಷರದ ಗಾತ್ರಕ್ಕೆ ಸಂಬಂಧಿಸಿದ್ದು. ಹೆಸರಿನ ದೊಡ್ಡ ಅಕ್ಷರಕ್ಕೆ 90 ಡಿಗ್ರಿ ಚೆನ್ನ. ಕೆಳಗೆ ಸಣ್ಣದಾಗಿ ಊರು, ಇಸವಿ ಹಾಕುವುದಿದ್ದರೆ 60 ಡಿಗ್ರಿಗೆ ಬದಲಿಸಿ. 12 ಮಿ.ಮೀ. ಎತ್ತರದ ಅಕ್ಷರದಲ್ಲಿ ಗೆರೆ 1.8 ಮಿ.ಮೀ. ಇದ್ದರೆ 90 ಡಿಗ್ರಿಯ ಬಿಟ್ ಇಳಿಯುವುದು 0.9 ಮಿ.ಮೀ. ಮಾತ್ರ. ತಳದಲ್ಲಿ 0.2 ಮಿ.ಮೀ. ವ್ಯತ್ಯಾಸವಿದ್ದರೂ ಗೆರೆಯ ಅಗಲ 0.4 ಮಿ.ಮೀ. ಬದಲಾಗುತ್ತದೆ. 60 ಡಿಗ್ರಿಯದರಲ್ಲಿ ಆಳ 1.6ರ ಹತ್ತಿರ, ಅಗಲದ ಬದಲಾವಣೆ 0.23 ಮಾತ್ರ.

ಕನ್ನಡ ಅಕ್ಷರಗಳಿಗೆ ಈ ಸೂಕ್ಷ್ಮ ಎಷ್ಟು ಮುಖ್ಯ ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ‘ಧನಲಕ್ಷ್ಮೀ ನಿಲಯ’ ಎಂಬ ಫಲಕವೊಂದನ್ನು ಮಾಡುವಾಗ ತಳವು ಎಡಬದಿಯಲ್ಲಿ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ಆಳವಾಗಿತ್ತು. ದಪ್ಪ ಗೆರೆಗಳೆಲ್ಲ ತುಸು ತೆಳುವಾಗಿ ಮೂಡಿದವು, ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ‘ಧ’ಕಾರದ ಕೆಳಗಿನ ಸೀಳು ಇದ್ದದ್ದೇ ಒಂದು ಮಿ.ಮೀ. ಅಗಲ, ಅದಕ್ಕೆ ಬೇಕಾದ ಆಳ ಅರ್ಧ ಮಿ.ಮೀ. ಬಿಟ್‌ನ ಮೊನೆ ಅಲ್ಲಿ ಮರವನ್ನು ಮುಟ್ಟಲೇ ಇಲ್ಲ. ಫಲಕ ಗೋಡೆಗೇರಿದ ಮೇಲೆ ಮನೆಯ ಹಿರಿಯರು ಗಂಭೀರವಾಗಿ, ‘ನಮ್ಮಲ್ಲಿ ದನ ಇರುವುದು ಹೌದು, ಆದರೆ ಹಟ್ಟಿ ಹಿಂದೆ ಇದೆ’ ಎಂದರು. ಮಹಾಪ್ರಾಣದ ಸೀಳು, ‘ಠ’ದೊಳಗಿನ ಬೊಟ್ಟು, ಒತ್ತಕ್ಷರದ ಬಾಲ, ಇವೆಲ್ಲ ಅತಿ ತೆಳುವಾದ ಗೆರೆಗಳು, ತಳದ ದೋಷ ಮೊದಲು ನುಂಗುವುದು ಇವನ್ನೇ. ವಿನ್ಯಾಸದಲ್ಲೇ ಇವನ್ನು ಆಯ್ದು ಸ್ವಲ್ಪ ದಪ್ಪ ಮಾಡಿಕೊಳ್ಳಿ.

ಇನ್ನೊಂದು ತೊಡಕು ಫಾಂಟಿನದು. ಕೆತ್ತನೆಯ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಕನ್ನಡವನ್ನು ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ‘ಕ್ಷ್ಮೀ’ ಎಂಬುದು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತದೆ. ಮಲಯಾಳದ ಕೂಡಕ್ಷರಗಳದ್ದೂ ಇದೇ ಪಾಡು. ಆದ್ದರಿಂದ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಹೊರಗೆರೆಯ ಚಿತ್ರ) ಆಗಿ ಬದಲಿಸಿ, ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಮಾಡಿ ಒಯ್ಯುವುದು ಲೇಸು. ಒಯ್ದ ಮೇಲೆ ಅಳತೆ ನೋಡಲು ಮರೆಯಬೇಡಿ. ಒಂದೊಂದು ಸಾಫ್ಟ್‌ವೇರ್ ಒಂದೊಂದು ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ) ಲೆಕ್ಕ ಹಿಡಿಯುವುದರಿಂದ 45 ಮಿ.ಮೀ.ಯ ಅಕ್ಷರ ಬೇರೆ ಗಾತ್ರಕ್ಕೆ ತಿರುಗಿರಬಹುದು. ಹೀಗೆ ಬದಲಿಸಿದಾಗ ಮೂಲಾಕ್ಷರ, ಗುಣಿತದ ಕೊಂಬು, ಒತ್ತು, ಎಲ್ಲವೂ ಬೇರೆಬೇರೆ ತುಂಡುಗಳಾಗಿ ಒಂದರ ಮೇಲೊಂದು ಹತ್ತಿ ಕುಳಿತಿರುತ್ತವೆ. ಪರದೆಯ ಮೇಲೆ ಇದು ಗೊತ್ತಾಗುವುದಿಲ್ಲ. ಕೆತ್ತುವ ಸಾಫ್ಟ್‌ವೇರ್ ಮಾತ್ರ ಎರಡು ತುಂಡು ಹತ್ತಿಕೊಂಡ ಜಾಗವನ್ನು ಖಾಲಿ ಜಾಗವೆಂದು ತಿಳಿದು ಅಲ್ಲಿ ಮರವನ್ನು ಉಳಿಸಿಬಿಡುತ್ತದೆ, ಗೆರೆಯ ನಡುವೆ ದ್ವೀಪದಂತೆ ಉಬ್ಬು ಎದ್ದು ನಿಲ್ಲುತ್ತದೆ. ಇದನ್ನು ತಪ್ಪಿಸಲು ಯೂನಿಯನ್ ಅಥವಾ ವೆಲ್ಡ್ ಆಜ್ಞೆಯಿಂದ ಎಲ್ಲ ತುಂಡುಗಳನ್ನು ಒಂದೇ ಹೊರಗೆರೆಯಾಗಿ ಬೆಸೆಯಬೇಕು.

ಫಾಂಟ್ ಆರಿಸುವಾಗ ದಪ್ಪ, ತೆಳು ಎರಡೂ ಇರುವುದನ್ನು ನಾನು ಮೆಚ್ಚುತ್ತೇನೆ. ನೋಟೋ ಸೆರಿಫ್ ಕನ್ನಡದಂಥ ಫಾಂಟಿನಲ್ಲಿ ಗೆರೆ ದಪ್ಪವಾದಲ್ಲಿ ಬಿಟ್ ಆಳಕ್ಕಿಳಿದು, ತೆಳುವಾದಲ್ಲಿ ಮೇಲೆದ್ದು, ಉಳಿ ಹಿಡಿದವರ ಕೈಯ ಏರಿಳಿತ ಅಕ್ಷರದಲ್ಲಿ ಕಾಣಿಸುತ್ತದೆ. ಬಾಲೂ ತಮ್ಮದಂಥ ತುಂಬಾ ದಪ್ಪನೆಯ ಫಾಂಟ್ ದೂರದಿಂದ ಓದಲು ಸುಲಭ, ಆದರೆ ಅದರೊಳಗೆ ಉಳಿಯುವ ಸಣ್ಣ ಮರದ ದ್ವೀಪಗಳು ನಾರಿಗೆ ಅಡ್ಡವಾಗಿದ್ದರೆ ಕಿತ್ತುಹೋಗುತ್ತವೆ. ಎರಡು ಮಿ.ಮೀ.ಗಿಂತ ಕಿರಿದಾದ ದ್ವೀಪವನ್ನು ಹಲಸಿನಲ್ಲಿ ನಂಬಬೇಡಿ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ, ‘ಕ್ಷ್ಮೀ’ಯ ಎರಡನೆಯ ಒತ್ತು ಮೂಲಾಕ್ಷರದ ಕೆಳಗೆ ಬಹಳ ದೂರ ಇಳಿಯುತ್ತದೆ, ಅದಕ್ಕೂ ಗೋಡೆಯಿಂದ ಅದೇ 10 ಮಿ.ಮೀ. ಅಂತರ ಬೇಕು. ಮತ್ತು ಕೆತ್ತುವ ಮೊದಲು ಕಾಗದದ ಮೇಲೆ ಪೂರ್ಣ ಗಾತ್ರದಲ್ಲಿ ಅಚ್ಚು ತೆಗೆದು, ಕನ್ನಡದ ಸಾಲನ್ನು ಕನ್ನಡ ಓದುವವರಿಗೂ ಮಲಯಾಳದ ಸಾಲನ್ನು ಮಲಯಾಳ ಓದುವವರಿಗೂ ತೋರಿಸಿ. ನಮ್ಮ ಜಿಲ್ಲೆಯ ದ್ವಿಭಾಷಾ ಫಲಕಗಳಲ್ಲಿ ಒಂದು ಸಾಲು ತಪ್ಪಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ, ಮಾಡಿದವರು ಒಂದು ಲಿಪಿಯನ್ನು ಮಾತ್ರ ಓದಬಲ್ಲವರಾಗಿರುತ್ತಾರೆ.

ಬಣ್ಣದ ವಿಚಾರವನ್ನು ನೀವು ಕೇಳಿಲ್ಲ, ಆದರೂ ತಗ್ಗಿನ ಕೆಲಸದಲ್ಲಿ ಅದನ್ನು ಕೆತ್ತುವ ಮೊದಲೇ ಯೋಚಿಸಬೇಕಾಗುತ್ತದೆ. ಸಮತಲದ ಫಲಕದಲ್ಲಿ ಅಕ್ಷರಕ್ಕೆ ಹೇಗೆಂದರೆ ಹಾಗೆ ಬಣ್ಣ ತುಂಬಿ, ಒಣಗಿದ ಮೇಲೆ ಮೇಲ್ಮೈಯನ್ನು ಸ್ಯಾಂಡರ್‌ನಿಂದ ಉಜ್ಜಿ ಹೆಚ್ಚಿನ ಬಣ್ಣವನ್ನು ತೆಗೆಯಬಹುದು. ತಗ್ಗಿನ ಮೂಲೆಗಳಿಗೆ ಸ್ಯಾಂಡರ್ ಹೋಗುವುದಿಲ್ಲ. ಅದಲ್ಲದೆ ತಳವನ್ನು ಕೆತ್ತನೆಯ ಬಳಿಕ 0.3 ಮಿ.ಮೀ. ಉಜ್ಜಿದರೂ ಪ್ರತಿ ಗೆರೆ 0.6 ಮಿ.ಮೀ. ಕಿರಿದಾಗುತ್ತದೆ. ಆದ್ದರಿಂದ ತಗ್ಗು ತೆಗೆದ ಕೂಡಲೇ, ಹಲಗೆ ಯಂತ್ರದ ಮೇಲೆ ಬಿಗಿದಿರುವಾಗಲೇ, ತಳವನ್ನು ಕೈಯಿಂದ ಹಗುರವಾಗಿ ಉಜ್ಜಿ, ಹೊಟ್ಟು ತೆಗೆದು, ಸ್ಯಾಂಡಿಂಗ್ ಸೀಲರ್‌ನ ಎರಡು ಕೈ ಹಚ್ಚಿ ಒಣಗಿಸಿ, ಅದರ ಮೇಲೆ ಸ್ಟಿಕರ್‌ಗೆ ಬಳಸುವ ತೆಳುವಾದ ವಿನೈಲ್ ಹಾಳೆಯನ್ನು ಗಾಳಿಗುಳ್ಳೆ ಇಲ್ಲದಂತೆ ಅಂಟಿಸಿ. ಬಿಟ್ ಆ ಹಾಳೆಯನ್ನೂ ಸೇರಿಸಿ ಕೆತ್ತುತ್ತದೆ. ಆಮೇಲೆ ಅಕ್ಷರದೊಳಗೆ ಮತ್ತೊಂದು ಕೈ ಸೀಲರ್ ಹಚ್ಚದೆ ಬಣ್ಣ ಹಾಕಿದರೆ ಬಣ್ಣವು ನಾರಿನುದ್ದಕ್ಕೆ ಹರಿದು ಗೆರೆಗಳಿಗೆ ಮೀಸೆ ಬರುತ್ತದೆ. ಸೀಲರ್ ಒಣಗಿ, ಬಣ್ಣ ಹಾಕಿ, ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಹಾಳೆಯನ್ನು ಎತ್ತಿದರೆ ಅಂಚು ಚೂಪಾಗಿ ಉಳಿಯುತ್ತದೆ. ಹಲಸು ಮೊದಲು ಹಳದಿಯಿದ್ದು ಬೆಳಕಿಗೆ ಕ್ರಮೇಣ ಕೆಂಗಂದು ಬಣ್ಣಕ್ಕೆ ತಿರುಗುವುದರಿಂದ, ಇಂದು ಎದ್ದು ಕಾಣುವ ಕಂದು ಬಣ್ಣದ ಅಕ್ಷರ ಮುಂದೆ ಮಂಕಾಗಬಹುದು. ಕಪ್ಪು ಅಥವಾ ಬಿಳಿ ಎರಡು ಕಾಲಕ್ಕೂ ಸಲ್ಲುತ್ತದೆ. ಮುಂಭಾಗಕ್ಕೆ ಎಷ್ಟು ಕೈ ವಾರ್ನಿಷ್ ಹಚ್ಚುತ್ತೀರೋ ಗೋಡೆಯ ಕಡೆಗೂ ಅಷ್ಟೇ ಹಚ್ಚಿ. ಇಲ್ಲವಾದರೆ ಮೊದಲ ಮಳೆಗಾಲದಲ್ಲೇ ಹಿಂಬದಿ ನೀರು ಕುಡಿದು ಫಲಕ ಬಿಲ್ಲಿನಂತೆ ಬಾಗುತ್ತದೆ.

ಕೊನೆಯದಾಗಿ ಕೆಟ್ಟ ಹಲಗೆಯ ವಿಚಾರ. ಅದನ್ನು ಒಲೆಗೆ ಹಾಕಬೇಡಿ. ಮೊದಲು ಇಡೀ ಮೇಲ್ಮೈಯನ್ನು ಯಂತ್ರದಿಂದಲೇ 3.2 ಮಿ.ಮೀ. ಸವರಿ, ಅಂಚಿನ ಗೀರು ಅದರಲ್ಲೇ ಹೋಗುತ್ತದೆ, ಹಲಗೆ 26.8 ಮಿ.ಮೀ. ಉಳಿಯುತ್ತದೆ. ಈ ಹೊಸ ಮೇಲ್ಮೈಯಲ್ಲಿ ಸೊನ್ನೆ ಮಾಡಿ ತಗ್ಗನ್ನು ನಾಲ್ಕೂ ಕಡೆ 2 ಮಿ.ಮೀ. ಹಿಗ್ಗಿಸಿ 14 ಮಿ.ಮೀ. ಆಳಕ್ಕೆ ತೆಗೆಯಿರಿ, ಅರ್ಧಚಂದ್ರ ಮಾಯವಾಗುತ್ತದೆ. ಹಳೆಯ ಹೊಂಡಗಳು ಅದಕ್ಕಿಂತಲೂ ಕೆಳಗೆ ಮೂರು ಮಿ.ಮೀ.ಗೂ ಹೆಚ್ಚು ಇಳಿದಿರುತ್ತವೆ, ಇರಲಿ, ಅವು ಕಾಣುವುದಿಲ್ಲ. ಅದೇ ಮರದ, ಅಷ್ಟೇ ಒಣಗಿದ 8 ಮಿ.ಮೀ. ದಪ್ಪದ ತೆಳು ಹಲಗೆಯೊಂದನ್ನು ನಾರಿನ ದಿಕ್ಕು ಹೊಂದುವಂತೆ ಕತ್ತರಿಸಿ, ಅದರ ಮೂಲೆಗಳನ್ನು ತಗ್ಗಿನ ಮೂಲೆಯಂತೆಯೇ 3 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿ, ನೀರಿಗೆ ಜಗ್ಗದ ಅಂಟಿನಿಂದ ಒಳಗೆ ಕೂರಿಸಿ, ಒಂದು ದಿನ ಭಾರ ಹೇರಿ ಬಿಡಿ. ಅಂಟು ಒಣಗಿದ ಮೇಲೆ ತಳವನ್ನು ಒಂದು ಸಲ ತೆಳುವಾಗಿ ಸವರಿ, ಕಾಗದದ ಪರೀಕ್ಷೆ ಮಾಡಿ ಅಕ್ಷರ ಕೆತ್ತಿ. ಇಲ್ಲಿ 90 ಡಿಗ್ರಿಯ ಬಿಟ್ಟನ್ನೇ ಬಳಸಿ, 60 ಡಿಗ್ರಿಯದು ದಪ್ಪ ಗೆರೆಯಲ್ಲಿ 7.8 ಮಿ.ಮೀ. ಇಳಿದು ಅಂಟಿನ ಪದರವನ್ನು ತಲುಪುತ್ತದೆ. ಸ್ಟಾರ್ಟ್ ಡೆಪ್ತ್ ಈಗ 8 ಅಲ್ಲ, 6 ಮಿ.ಮೀ.ಗೆ ಸವರಿದ್ದಷ್ಟು ಸೇರಿಸಿದ್ದು. ಹಳೆಯ ಫೈಲನ್ನು ಯಂತ್ರದಿಂದ ಅಳಿಸಿಬಿಡಿ.